9 ಕಿಲೋ ಕಾಳಿನ ಲೆಕ್ಕ: ಕಡಿಮೆ ದುಡ್ಡಿನಲ್ಲಿ ಮನೆಮಂದಿಗೆ ಒಳ್ಳೆಯ ಊಟ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ನಾನು ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುತ್ತೇನೆ. ಹನ್ನೊಂದು ವರ್ಷ ಆಯಿತು. ಶಾಲೆಯ ಅಡುಗೆಗೆ ಸರಕಾರದ ಒಂದು ಅಳತೆ ಉಂಟು. ಐದನೇ ಕ್ಲಾಸಿನವರೆಗಿನ ಒಂದು ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ ಅಥವಾ ಕಾಳು, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟನೇ ಕ್ಲಾಸಿನವರಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಕಾಳು, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ. ಇದು ನನಗೆ ಬಾಯಿಪಾಠ. ಬೆಳಗ್ಗೆ ಹಾಜರಿ ಎಷ್ಟು ಅಂತ ಕೇಳಿ, ಗುಣಿಸಿ, ತೂಗಿ, ಒಲೆಗೆ ಇಡುತ್ತೇನೆ.

ಆದರೆ ಆ ತಕ್ಕಡಿಯನ್ನು ಎಷ್ಟೋ ವರ್ಷ ನನ್ನ ಮನೆಯ ಅಡುಗೆಗೆ ತಂದಿರಲಿಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ನನ್ನ ಗಂಡನಿಗೆ ಆಗ ಗಡಿಯಾಚೆ ಕರ್ನಾಟಕದ ವಿಟ್ಲದ ಒಂದು ಅಂಗಡಿಯಲ್ಲಿ ಕೆಲಸ. ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿಬಿಟ್ಟರು. ಅವರ ಕೆಲಸ ನಿಂತಿತು. ಶಾಲೆಯೂ ಮುಚ್ಚಿತು. ರೇಷನ್ ಅಕ್ಕಿ ಬರುತ್ತಿತ್ತು, ಹಸಿವು ಅಂತ ಆಗಲಿಲ್ಲ. ಆದರೆ ದುಡ್ಡು ಉಳಿಸಲು ನಾನು ಮೊದಲು ಕೈ ಹಾಕಿದ್ದು ಬೇಳೆಯ ಡಬ್ಬಕ್ಕೆ. ಐದು ಜನಕ್ಕೆ ಒಂದು ಹಿಡಿ ತೊಗರಿಬೇಳೆ. ಸಾರು ನೀರಾಗುತ್ತಿತ್ತು. ಅದರ ಮೇಲೆ ಅನ್ನ ಜಾಸ್ತಿ. ಮಕ್ಕಳ ಹೊಟ್ಟೆ ತುಂಬುತ್ತಿತ್ತು, ನನಗೂ ಸಮಾಧಾನ ಇತ್ತು.

ಮರುವರ್ಷ ಹತ್ತು ವರ್ಷದ ಮಗಳು ಮನೆ ಎದುರಿನ ಗುಡ್ಡೆ ಹತ್ತುವಾಗ ಅರ್ಧದಲ್ಲಿ ಕೂರಲು ಶುರು ಮಾಡಿದಳು. ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 9.2. ಆ ವಯಸ್ಸಿಗೆ 11.5 ಆದರೂ ಇರಬೇಕು. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು ಒಂದೇ ಪ್ರಶ್ನೆ ಕೇಳಿದರು: "ಮನೆಯಲ್ಲಿ ದಿನಕ್ಕೆ ಎಷ್ಟು ಕಾಳು ಬೇಯಿಸ್ತೀರಿ?"

ಊರ ಮಕ್ಕಳಿಗೆಲ್ಲ ತೂಗಿ ಹಾಕುವ ನನಗೆ ಉತ್ತರ ಗೊತ್ತಿರಲಿಲ್ಲ. ಆ ದಿನ ಮನೆಗೆ ಬಂದು ಲೆಕ್ಕ ಹಾಕಿದೆ. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೈಯಲ್ಲಿ ದುಡ್ಡು ಕಡಿಮೆ ಇರುವ ಮನೆಯವರಿಗೆ ಇದು ಬೇಕಾಗುತ್ತದೆ.

ಮೊದಲು ತೂಕ, ಆಮೇಲೆ ರೂಪಾಯಿ

ಬೆಲೆ ವಾರವಾರ ಬದಲಾಗುತ್ತದೆ. ಹೊಟ್ಟೆಗೆ ಬೇಕಾದ ತೂಕ ಬದಲಾಗುವುದಿಲ್ಲ. ಅದಕ್ಕೆ ನನ್ನ ಪುಸ್ತಕದಲ್ಲಿ ಮೊದಲು ಕಿಲೋ ಬರೆಯುತ್ತೇನೆ, ಪಕ್ಕದಲ್ಲಿ ರೂಪಾಯಿ.

ನಾವು ಐದು ಜನ. ನಾನು, ಗಂಡ, ಅತ್ತೆ, ಈಗ ಹೈಸ್ಕೂಲಿಗೆ ಹೋಗುವ ಮಗಳು, ಆರನೇ ಕ್ಲಾಸಿನ ಮಗ. ಶಾಲೆಯ ದೊಡ್ಡ ಮಕ್ಕಳ ಅಳತೆಯನ್ನೇ ಹಿಡಿದೆ. ಒಬ್ಬರಿಗೆ ಒಂದು ಹೊತ್ತಿಗೆ 30 ಗ್ರಾಂ ಕಾಳು. ಐದು ಜನಕ್ಕೆ 150 ಗ್ರಾಂ. ಎರಡು ಹೊತ್ತಿಗೆ 300 ಗ್ರಾಂ. ತಿಂಗಳಿಗೆ 9 ಕಿಲೋ. ಅದುವರೆಗೆ ನಾನು ತಿಂಗಳಿಗೆ ತರುತ್ತಿದ್ದದ್ದು 3 ಕಿಲೋ.

ಮಗ ಮತ್ತು ನಾನು ಶಾಲೆ ಇರುವ ದಿನ ಮಧ್ಯಾಹ್ನ ಅಲ್ಲೇ ಉಣ್ಣುತ್ತೇವೆ, ನಿಜ. ಆದರೂ ಆ ಲೆಕ್ಕ ಕಳೆಯಲಿಲ್ಲ. ಉಳಿಯುವುದು ದೋಸೆಯ ಉದ್ದಿಗೆ, ಸಂಜೆ ಬೇಯಿಸುವ ಕಡಲೆಗೆ ಹೋಗುತ್ತದೆ.

ನೀವು ಮಾಡಬೇಕಾದ ಮೊದಲ ಕೆಲಸ ಇಷ್ಟೇ. ಮನೆಯಲ್ಲಿರುವ ಕುಡ್ತೆ ಅನ್ನುವ ಸಣ್ಣ ಅಳತೆ ಪಾತ್ರೆಯನ್ನೋ ಲೋಟವನ್ನೋ ಅಂಗಡಿಗೆ ಒಯ್ದು, ಅದರಲ್ಲಿ ಎಷ್ಟು ಕಾಳು ಹಿಡಿಯುತ್ತದೆ ಅಂತ ಒಮ್ಮೆ ತೂಗಿಸಿ ನೋಡಿ. ನಮ್ಮ ಕುಡ್ತೆಯಲ್ಲಿ ಸರಿಯಾಗಿ 150 ಗ್ರಾಂ ಹಿಡಿಯುತ್ತದೆ. ಹಾಗಾಗಿ ನಮ್ಮಲ್ಲಿ ಒಂದು ಹೊತ್ತಿಗೆ ಒಂದು ಕುಡ್ತೆ. ಅತ್ತೆಗೂ ಗೊತ್ತು, ಮಗನಿಗೂ ಗೊತ್ತು. ಯಾರು ಬೇಯಿಸಿದರೂ ಅಳತೆ ತಪ್ಪುವುದಿಲ್ಲ.

ತಿಂಗಳ ದುಡ್ಡು ಕೈಗೆ ಬಂದಾಗ ಮೊದಲು ಕಾಳು. ಆಮೇಲೆ ಎಣ್ಣೆ, ಉಪ್ಪು, ಮೆಣಸು. ಆಮೇಲೆ ಮೊಟ್ಟೆ, ಹಾಲು. ಆಮೇಲೆ ರೇಷನ್‌ಗಿಂತ ಮೇಲೆ ಬೇಕಾಗುವ ಅಕ್ಕಿ. ತರಕಾರಿ ಕೊನೆಗೆ, ಯಾಕೆಂದರೆ ಅದರಲ್ಲಿ ಅರ್ಧ ಹಿತ್ತಿಲಲ್ಲೇ ಸಿಗುತ್ತದೆ. ಬಿಸ್ಕೆಟು, ಮಿಕ್ಸ್ಚರು, ಹಾಲಿಗೆ ಹಾಕುವ ಡಬ್ಬದ ಪುಡಿ ಇವೆಲ್ಲ ಈ ಸಾಲಿನಲ್ಲೇ ಇಲ್ಲ. ದಿನಕ್ಕೆ ಎರಡು ಹತ್ತು ರೂಪಾಯಿ ಪ್ಯಾಕೆಟ್ ತಂದರೆ ತಿಂಗಳಿಗೆ 600 ರೂಪಾಯಿ. ಆ ದುಡ್ಡಿಗೆ ಎಷ್ಟು ಕಿಲೋ ಕಡಲೆ ಬರುತ್ತದೆ ಅಂತ ನಿಮ್ಮ ಅಂಗಡಿಯಲ್ಲಿ ಕೇಳಿ ನೋಡಿ.

ಎಲ್ಲಿಂದ ತರುವುದು

ನಮ್ಮದು ಪಿಂಕ್ ಕಾರ್ಡು, ಅಂದರೆ ಆದ್ಯತೆಯ ಮನೆಗಳಿಗೆ ಕೊಡುವ ರೇಷನ್ ಕಾರ್ಡು. ಒಬ್ಬರಿಗೆ ತಿಂಗಳಿಗೆ 4 ಕಿಲೋ ಅಕ್ಕಿ, 1 ಕಿಲೋ ಗೋಧಿ. ಐದು ಜನಕ್ಕೆ 20 ಕಿಲೋ ಅಕ್ಕಿ, 5 ಕಿಲೋ ಗೋಧಿ. ಅಂಗಡಿಯಲ್ಲಿ ಕುಚ್ಚಲಕ್ಕಿ, ಬೆಳ್ತಿಗೆ (ಬಿಳಿ ಅಕ್ಕಿ) ಎರಡೂ ಇದ್ದರೆ ಹಂಚಿ ತೆಗೆದುಕೊಳ್ಳಿ. ಬೆಳ್ತಿಗೆ ಇದ್ದರೆ ದೋಸೆಗೆ ಬೇರೆ ಅಕ್ಕಿ ಕೊಳ್ಳಬೇಕಾಗಿಲ್ಲ. ಮನೆಯಲ್ಲಿ ಯಾರೂ ಗೋಧಿ ತಿನ್ನುವುದಿಲ್ಲ ಅಂತ ಬಿಟ್ಟು ಬರುವವರನ್ನು ನೋಡಿದ್ದೇನೆ. ಬಿಡಬೇಡಿ. ಗಿರಣಿಯಲ್ಲಿ ಹುಡಿ ಮಾಡಿಸಿ ವಾರಕ್ಕೆ ಎರಡು ರಾತ್ರಿ ಚಪಾತಿ ಮಾಡಿ. ಅಷ್ಟು ಅಕ್ಕಿ ಉಳಿಯಿತು, ಅಲ್ವಾ?

ಕಾಳಿಗೆ ಮಾವೇಲಿ ಸ್ಟೋರ್, ಅಂದರೆ ಕೇರಳ ಸರಕಾರದ ಸಪ್ಲೈಕೋ ಸಂಸ್ಥೆಯ ಅಂಗಡಿ. ಅಲ್ಲಿ 13 ಸಾಮಾನಿಗೆ ಸಬ್ಸಿಡಿ ಉಂಟು, ಅದರಲ್ಲಿ ಐದು ಕಾಳು-ಬೇಳೆ. ಒಂದು ಕಾರ್ಡಿಗೆ ತಿಂಗಳಿಗೆ ಒಂದೊಂದು ಕಿಲೋ. ರೇಷನ್ ಕಾರ್ಡು ಒಯ್ಯಬೇಕು, ಯಾವ ಬಣ್ಣದ ಕಾರ್ಡಾದರೂ ಆಗುತ್ತದೆ. ತಿಂಗಳ ಮೊದಲ ವಾರವೇ ಹೋಗಿ.

ನಮ್ಮ ಕಡೆಯ ಹಿರಿಯರಿಗೆ ಒಂದು ಕಷ್ಟ ಉಂಟು. ಬೋರ್ಡಿನಲ್ಲಿ ಹೆಸರು ಮಲಯಾಳದಲ್ಲಿ ಇರುತ್ತದೆ. ನನ್ನ ಅತ್ತೆ ಕನ್ನಡ ಶಾಲೆಯಲ್ಲಿ ಕಲಿತವರು, ಮಲಯಾಳ ಮಾತು ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. ಅವರಿಗೆ ಒಂದು ಚೀಟಿ ಬರೆದುಕೊಟ್ಟಿದ್ದೇನೆ. ಚೆರುಪಯರ್ ಅಂದರೆ ಹೆಸರುಕಾಳು. ಉಳುನ್ನ್ ಅಂದರೆ ಉದ್ದು. ವನ್‌ಪಯರ್ ಅಂದರೆ ಕೆಂಪು ಅಲಸಂಡೆ ಬೀಜ. ತುವರ ಪರಿಪ್ಪ್ ಅಂದರೆ ತೊಗರಿಬೇಳೆ. ಕಡಲ ನಮ್ಮ ಕಡಲೆಯೇ. ಬಾಯಲ್ಲಿ ಕೇಳಿದರೆ ಸಾಕು, ಅವರೇ ಕೊಡುತ್ತಾರೆ.

ಅಲ್ಲಿಗೆ 5 ಕಿಲೋ ಆಯಿತು. ಉಳಿದ 4 ಕಿಲೋ ಪೇಟೆಯ ಅಂಗಡಿಯಿಂದ. ಅದರಲ್ಲಿ 2 ಕಿಲೋ ಹುರುಳಿ, 1 ಕಿಲೋ ಉದ್ದು, 1 ಕಿಲೋ ಯಾವುದು ಆ ತಿಂಗಳು ಅಗ್ಗವೋ ಅದು. ಮಲಯಾಳದಲ್ಲಿ ಹುರುಳಿಗೆ ಮುದಿರ ಅನ್ನುತ್ತಾರೆ.

ಹುರುಳಿ, ಒಂದು ಕುಡ್ತೆಯಲ್ಲಿ ಎರಡು ಅಡುಗೆ

ಹುರುಳಿಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಅದನ್ನು ಎತ್ತಿನ ಆಹಾರ ಅಂತ ದೂರ ಇಟ್ಟವರು ಇದ್ದಾರೆ. ತೊಗರಿಬೇಳೆಯಲ್ಲಿ ಇರುವಷ್ಟೇ ಪ್ರೊಟೀನ್ ಹುರುಳಿಯಲ್ಲೂ ಉಂಟು. ಬೆಲೆ ಸಾಮಾನ್ಯವಾಗಿ ಕಡಿಮೆ. ಮಳೆಗಾಲಕ್ಕಂತೂ ಮೈ ಬೆಚ್ಚಗಿಡುವ ಊಟ.

ಒಂದು ಕುಡ್ತೆ ಹುರುಳಿಯನ್ನು ತಟ್ಟೆಯಲ್ಲಿ ಹರಡಿ ಕಲ್ಲು ಆರಿಸಿ. ಹುರುಳಿಯ ಬಣ್ಣದ್ದೇ ಕಲ್ಲು ಇರುತ್ತದೆ, ಬೆಳಕಿನಲ್ಲಿ ಕೂತು ನೋಡಿ. ಮೂರು ಸಲ ತೊಳೆದು ರಾತ್ರಿ ನೆನೆಹಾಕಿ. ಬೆಳಗ್ಗೆ ಐದು ಕುಡ್ತೆ ನೀರು ಹಾಕಿ ಕುಕ್ಕರಿನಲ್ಲಿ ಆರೇಳು ಕೂಗು ಬರಿಸಿ. ಕಾಳನ್ನು ಬೆರಳಲ್ಲಿ ಒತ್ತಿದರೆ ಮೆತ್ತಗೆ ಆಗಿರಬೇಕು. ಈಗ ನೀರನ್ನು ಬಸಿದು ಬೇರೆ ಇಡಿ.

ಆ ಬಸಿದ ನೀರೇ ಸಾರು. ಒಂದು ಮುಷ್ಟಿ ಬೆಂದ ಕಾಳನ್ನು ಅರೆದು ಅದಕ್ಕೇ ಸೇರಿಸಿ, ಸಾರು ದಪ್ಪ ಆಗುತ್ತದೆ. ನೆಲ್ಲಿಕಾಯಿ ಗಾತ್ರದ ಹುಳಿ, ಉಪ್ಪು, ಚೂರು ಬೆಲ್ಲ, ಮೆಣಸಿನ ಹುಡಿ ಹಾಕಿ ಚೆನ್ನಾಗಿ ಕುದಿಸಿ. ಎಂಟು ಹತ್ತು ಎಸಳು ಬೆಳ್ಳುಳ್ಳಿ ಜಜ್ಜಿ, ಒಂದು ಚಮಚ ಎಣ್ಣೆಯಲ್ಲಿ ಕೆಂಪಗೆ ಹುರಿದು ಒಗ್ಗರಣೆ ಕೊಡಿ. ಕಾಯಿ ಬೇಡ.

ಉಳಿದ ಕಾಳು ಪಲ್ಯಕ್ಕೆ. ಸುಮ್ನೆ ನೀರುಳ್ಳಿ ಒಗ್ಗರಣೆ ಹಾಕಿದರೂ ಆಗುತ್ತದೆ. ಆದರೆ ನನಗೆ ಇಷ್ಟ ಬಾಳೆದಿಂಡು ಅಥವಾ ಬಾಳೆ ಕುಂಡಿಗೆಯ (ಬಾಳೆ ಹೂವಿನ) ಜೊತೆ. ಗೊನೆ ಕಡಿದ ಮೇಲೆ ಬಾಳೆಯನ್ನು ತೋಟದಲ್ಲೇ ಬಿಡುತ್ತೇವೆ. ಅದರ ಒಳಗಿನ ಬಿಳಿ ದಿಂಡನ್ನು ಬಿಲ್ಲೆ ಬಿಲ್ಲೆ ಕೊಯ್ಯಿರಿ. ಒಂದೊಂದು ಬಿಲ್ಲೆ ಕೊಯ್ದಾಗಲೂ ನೂಲು ಬರುತ್ತದೆ, ಅದನ್ನು ಬೆರಳಿಗೆ ಸುತ್ತಿ ತೆಗೆಯಿರಿ. ಸಣ್ಣಗೆ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲ. ಬೇಯಿಸಿ, ಹುರುಳಿ ಸೇರಿಸಿ, ಹಸಿಮೆಣಸು, ಸಾಸಿವೆ ಒಗ್ಗರಣೆ. ಐದು ಜನಕ್ಕೆ ಸಾರು, ಪಲ್ಯ ಎರಡೂ ಆಯಿತು.

ರಾತ್ರಿಗೆ ಸುಲಭದ್ದು ಹೆಸರುಗಂಜಿ. ಎರಡೂವರೆ ಕುಡ್ತೆ ಕುಚ್ಚಲಕ್ಕಿಗೆ ಒಂದು ಕುಡ್ತೆ ಹೆಸರು. ಅಕ್ಕಿ ಮುಕ್ಕಾಲು ಬೆಂದ ಮೇಲೆ ನೆನೆದ ಹೆಸರು ಹಾಕಿ. ನಾವು ಸಣ್ಣವರಿದ್ದಾಗ ಶಾಲೆಯಲ್ಲಿ ಕೊಡುತ್ತಿದ್ದದ್ದು ಇದೇ, ಗಂಜಿ ಮತ್ತು ಪಯರು. ಬಡವರ ಊಟ ಅಂತ ಅದನ್ನು ಕೀಳಾಗಿ ನೋಡಬೇಡಿ. ಅಕ್ಕಿಯ ಪ್ರೊಟೀನಿನಲ್ಲಿ ಇರುವ ಕೊರತೆಯನ್ನು ಕಾಳು ತುಂಬಿಸುತ್ತದೆ, ಕಾಳಿನ ಕೊರತೆಯನ್ನು ಅಕ್ಕಿ ತುಂಬಿಸುತ್ತದೆ. ಎರಡೂ ಒಟ್ಟಿಗೆ ಹೊಟ್ಟೆಗೆ ಹೋದರೆ ಮೈಗೆ ಹಿಡಿಯುತ್ತದೆ.

ಹಿತ್ತಿಲಿನ ಸೊಪ್ಪು

ಮಗಳ ರಕ್ತಕ್ಕೆ ಮಾತ್ರೆ ಮೂರು ತಿಂಗಳು ಕೊಟ್ಟೆವು. ಅದರ ಜೊತೆ ಸೊಪ್ಪು ಶುರು ಮಾಡಿದೆ. ಮಾತ್ರೆಯ ಬದಲು ಸೊಪ್ಪು ಅಂತ ಯಾರೂ ಮಾಡಬೇಡಿ. ಎರಡೂ ಬೇಕು.

ನಮ್ಮಲ್ಲಿ ಬಸಳೆ ಚಪ್ಪರ, ಹರಿವೆ, ಒಂದು ನುಗ್ಗೆ ಮರ, ಬೇಲಿಯಲ್ಲಿ ಚಕ್ರಮುನಿ ಇವೆ. ಮಳೆ ಬಿದ್ದ ಮೇಲೆ ತಗತೆ ಸೊಪ್ಪು ತಾನೇ ಏಳುತ್ತದೆ, ಎಳೆಯದಿರುವಾಗ ಕೊಯ್ದರೆ ಪಲ್ಯಕ್ಕೆ ಒಳ್ಳೆಯದು. ತಿಮರೆ (ಒಂದೆಲಗ) ಬಾವಿಕಟ್ಟೆಯ ಹತ್ತಿರ ಉಂಟು. ಹರಿವೆ ಬೀಜಕ್ಕೆ ಕೃಷಿಭವನದಲ್ಲಿ ಕೇಳಿ. ಓಣಂಗೆ ಮೊದಲು ತರಕಾರಿ ಬೀಜ, ಗಿಡ ಕೊಡುತ್ತಾರೆ. ಚಕ್ರಮುನಿಯನ್ನು ಮಾತ್ರ ದಿನಾ ತಿನ್ನಬೇಡಿ, ಹಸಿಯಾಗಿ ಜ್ಯೂಸ್ ಮಾಡಿ ಕುಡಿಯಲೂ ಬೇಡಿ. ಬೇಯಿಸಿ, ಅಪರೂಪಕ್ಕೆ.

ಎರಡು ಮಾತು ನೆನಪಿಡಿ. ಒಂದು, ಸೊಪ್ಪಿನ ಜೊತೆ ಹುಳಿ ಇರಲಿ. ಲಿಂಬೆ, ಬಿಂಬುಳಿ, ಅಂಬಟೆ, ನೆಲ್ಲಿ ಯಾವುದಾದರೂ ಆಗುತ್ತದೆ. ಸೊಪ್ಪು ಮತ್ತು ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಸೇರಲು ವಿಟಮಿನ್ ಸಿ ಸಹಾಯ ಮಾಡುತ್ತದೆ. ಊಟದ ಬೆನ್ನಿಗೆ ಚಹಾ ಕುಡಿದರೆ ಅದು ಸೇರುವುದು ಕಡಿಮೆ ಆಗುತ್ತದೆ. ನಮ್ಮಲ್ಲಿ ಊಟ ಆದ ಕೂಡಲೇ ಚಹಾ ಕುಡಿಯುವ ಅಭ್ಯಾಸ ಇತ್ತು. ಈಗ ಒಂದು ಗಂಟೆ ಬಿಟ್ಟು ಕುಡಿಯುತ್ತೇವೆ. ಅತ್ತೆಗೆ ಮೊದಮೊದಲು ಕಷ್ಟ ಆಯಿತು, ಮೊಮ್ಮಗಳಿಗಾಗಿ ಒಪ್ಪಿದರು.

ಎರಡು, ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ಮದ್ದು ಬಿಡುತ್ತಾರೆ. ಅದರಲ್ಲಿ ಮೈಲುತುತ್ತು ಇರುತ್ತದೆ. ಮರದಿಂದ ತೊಟ್ಟಿಕ್ಕಿ ಕೆಳಗಿನ ಗಿಡದ ಮೇಲೆ ಬೀಳುತ್ತದೆ. ಮದ್ದು ಬಿಟ್ಟ ತೋಟದ ಅಡಿಯಿಂದ ಕೆಸುವಿನ ಎಲೆ, ತಿಮರೆ, ತಗತೆ ಕೊಯ್ಯಬೇಡಿ. ಪತ್ರೊಡೆಗೆ ಎಲೆ ಬೇಕಾದರೆ ಮನೆ ಹಿಂದಿನ ಕೆಸು ಸಾಕು. ನಮ್ಮ ಎಣ್ಮಕಜೆ ಪಂಚಾಯತು ಗೇರು ತೋಟಕ್ಕೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ನೋವು ಉಂಡ ಊರು. ಎಲೆಯ ಮೇಲೆ ಏನು ಬಿದ್ದಿದೆ ಅಂತ ನೋಡದೆ ನಾನು ಯಾವ ಸೊಪ್ಪನ್ನೂ ಒಲೆಗೆ ಇಡುವುದಿಲ್ಲ.

ಕಾಯಿ, ಎಣ್ಣೆ, ಗ್ಯಾಸ್

2025ರಲ್ಲಿ ತೆಂಗಿನಕಾಯಿ, ತೆಂಗಿನೆಣ್ಣೆ ಎರಡರ ಬೆಲೆಯೂ ಏರಿದಾಗ ನಮ್ಮ ಕಡೆಯ ಅಡುಗೆಗೆ ದೊಡ್ಡ ಪೆಟ್ಟು ಬಿತ್ತು. ನಮಗೆ ಕಾಯಿ ಇಲ್ಲದೆ ಕೈಯೇ ಓಡುವುದಿಲ್ಲ. ಆದರೆ ನಮ್ಮ ಹಿರಿಯರು ಬೋಳು ಕೊದಿಲು ಅಂತ ಒಂದು ದಾರಿ ಮಾಡಿಟ್ಟಿದ್ದಾರೆ. ಕಾಯಿ ಅರೆಯದೆ, ಬೇಳೆ, ತರಕಾರಿ, ಹುಳಿ, ಮೆಣಸು, ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಮುಗಿಯುವ ಅಡುಗೆ. ಬೇಳೆ ಸರಿಯಾದ ಅಳತೆಯಲ್ಲಿ ಬಿದ್ದರೆ ಕಾಯಿಯ ನೆನಪೇ ಆಗುವುದಿಲ್ಲ. ವಾರದಲ್ಲಿ ಮೂರು ದಿನ ಬೋಳು, ಎರಡು ದಿನ ತಂಬುಳಿ, ಎರಡು ದಿನ ಕಾಯಿ ಹಾಕಿದ್ದು. ತಿಮರೆ ತಂಬುಳಿಗೆ ಎರಡು ಚಮಚ ಕಾಯಿತುರಿ ಸಾಕು, ಉಳಿದದ್ದು ಮಜ್ಜಿಗೆ.

ಎಣ್ಣೆಯನ್ನು ಶಾಲೆಯ ಹಾಗೆ ಅಳೆಯಿರಿ. ಬಾಟಲಿಯಿಂದ ನೇರ ಸುರಿದರೆ ಲೆಕ್ಕ ಸಿಗುವುದಿಲ್ಲ. ನಾನು ಒಂದು ಸಣ್ಣ ಗಿಂಡಿಗೆ ದಿನದ ಎಣ್ಣೆ ಹಾಕಿಡುತ್ತೇನೆ, ಆ ದಿನಕ್ಕೆ ಅಷ್ಟೇ.

ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು, ಗ್ಯಾಸ್ ತಿನ್ನುತ್ತದೆ. ಕಟ್ಟಿಗೆ ಒಲೆ ಇದ್ದವರು ಅದರಲ್ಲೇ ಬೇಯಿಸಿ. ಇಲ್ಲದವರು ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ಬಿಗಿ ಮಾಡಿ, ಪಾತ್ರೆಯನ್ನು ಥರ್ಮಲ್ ಕುಕ್ಕರಿಗೆ ಇಳಿಸಿ. ಅದೂ ಇಲ್ಲದಿದ್ದರೆ ಬೈಹುಲ್ಲು ತುಂಬಿದ ರಟ್ಟಿನ ಪೆಟ್ಟಿಗೆಯೊಳಗೆ ಇಟ್ಟು ಮೇಲೆ ದಪ್ಪ ಗೋಣಿ ಹೊದಿಸಿ. ಒಂದೂವರೆ ಗಂಟೆಯಲ್ಲಿ ಅನ್ನ ಬೆಂದಿರುತ್ತದೆ. ಗಟ್ಟಿ ಇದ್ದರೆ ಮತ್ತೊಮ್ಮೆ ಕುದಿ ಬರಿಸಿ.

ಹಲಸಿನ ಕಾಲದಲ್ಲಿ ಮಳೆಗಾಲಕ್ಕೆ

ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣು ಅಂತ ಘೋಷಿಸಿತು. ಆದರೆ ಈಗಲೂ ನಮ್ಮ ಗುಡ್ಡೆಗಳಲ್ಲಿ ಹಲಸು ಮರದಡಿ ಕೊಳೆಯುತ್ತದೆ. ಅದನ್ನು ನೋಡುವಾಗ ನನಗೆ ಹೊಟ್ಟೆ ಉರಿಯುತ್ತದೆ. ಮರ ಇಲ್ಲದಿದ್ದರೆ ನೆರೆಯವರ ಹತ್ತಿರ ಕೇಳಿ, ಕೊಡುತ್ತಾರೆ.

ಬೆಳೆದ ಕಾಯಿಯ ಸೊಳೆ ಬಿಡಿಸಿ, ಐದು ಪಾತ್ರೆ ಸೊಳೆಗೆ ಒಂದು ಪಾತ್ರೆ ಕಲ್ಲುಪ್ಪು ಹಾಕಿ ಭರಣಿಯಲ್ಲಿ ಪದರ ಪದರವಾಗಿ ತುಂಬಿ. ಮೇಲೆ ಬಾಳೆಎಲೆ ಮುಚ್ಚಿ ತೊಳೆದ ಕಲ್ಲಿನ ಭಾರ ಇಡಿ. ಎರಡು ದಿನದಲ್ಲಿ ನೀರು ಬಿಡುತ್ತದೆ. ಸೊಳೆ ಆ ನೀರಿನೊಳಗೇ ಮುಳುಗಿರಬೇಕು, ಇಲ್ಲದಿದ್ದರೆ ಬೂಸಲು ಬರುತ್ತದೆ. ಉಪ್ಪು ಕಡಿಮೆ ಮಾಡಬೇಡಿ. ಬೇಕಾದಾಗ ತೆಗೆದು, ನೀರು ಬದಲಿಸುತ್ತಾ ರಾತ್ರಿಯಿಡೀ ನೆನೆಸಿ ಉಪ್ಪು ಬಿಡಿಸಿ ಪಲ್ಯ ಮಾಡಿ. ಹಲಸಿನ ಬೇಳೆಗೆ (ಬೀಜಕ್ಕೆ) ಕೆಮ್ಮಣ್ಣು ಮೆತ್ತಿ ಒಣಗಿಸಿ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಬಸಳೆ ಮತ್ತು ಹಲಸಿನ ಬೇಳೆ ಬೋಳು ಕೊದಿಲು ನಮ್ಮ ಮನೆಯಲ್ಲಿ ಜೋರು ಮಳೆಯ ಆಟಿ ತಿಂಗಳ ಊಟ.

ಮರಗೆಣಸು ಅಗ್ಗ, ಹೊಟ್ಟೆಗೂ ಹಿಡಿಯುತ್ತದೆ. ಸಿಪ್ಪೆ ಪೂರ್ತಿ ತೆಗೆದು, ತುಂಡು ಮಾಡಿ, ಜಾಸ್ತಿ ನೀರಿನಲ್ಲಿ ಮುಚ್ಚಳ ಇಲ್ಲದೆ ಬೇಯಿಸಿ, ಆ ನೀರನ್ನು ಚೆಲ್ಲಿ. ಅದರಲ್ಲಿ ವಿಷದ ಅಂಶ ಇರುತ್ತದೆ. ಮರಗೆಣಸಿನಲ್ಲಿ ಪ್ರೊಟೀನ್ ಬಹಳ ಕಡಿಮೆ, ಹಾಗಾಗಿ ಅದರ ಜೊತೆ ಮೀನೋ ಕಡಲೆಯೋ ಬೇಕೇ ಬೇಕು.

ಮೀನು, ಮೊಟ್ಟೆ

ಮೀನು ತಿನ್ನುವವರಿಗೆ ಬೂತಾಯಿಯಷ್ಟು ಒಳ್ಳೆಯದು ಬೇರೆ ಇಲ್ಲ. ಅಗ್ಗ ಇದ್ದ ದಿನ ಎರಡು ಕಿಲೋ ತಂದು, ಅರ್ಧ ಪುಳಿಮುಂಚಿ ಮಾಡಿ, ಅರ್ಧಕ್ಕೆ ಉಪ್ಪು, ಅರಶಿನ ಹಚ್ಚಿ ಮರುದಿನಕ್ಕೆ ಫ್ರಿಜ್ಜಿನಲ್ಲಿ ಇಡಿ. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ. ಆಗ ಮೀನು ಕಡಿಮೆ, ಬೆಲೆ ಜಾಸ್ತಿ. ಆ ದಿನಗಳಿಗೆ ಮೇ ತಿಂಗಳಲ್ಲೇ ಸ್ವಲ್ಪ ಒಣಮೀನು ತೆಗೆದಿಡಿ. ಮೊಟ್ಟೆ 30ರ ಟ್ರೇ ತೆಗೆದರೆ ಬಿಡಿಯಾಗಿ ತರುವುದಕ್ಕಿಂತ ಕಡಿಮೆ ಬೀಳುತ್ತದೆ. ಮಗನಿಗೆ ಶಾಲೆಯಲ್ಲಿ ವಾರಕ್ಕೆ ಒಂದು ಮೊಟ್ಟೆ, ಎರಡು ದಿನ ಹಾಲು ಸಿಗುತ್ತದೆ. ಮಗಳಿಗೆ ಈಗ ಸಿಗುವುದಿಲ್ಲ, ಅವಳ ಪಾಲು ಮನೆಯಲ್ಲಿ ಜಾಸ್ತಿ. ಇದನ್ನು ಸಮ ಸಮ ಹಂಚಲು ಹೋಗಬೇಡಿ, ಯಾರಿಗೆ ಬೇಕೋ ಅವರಿಗೆ ಕೊಡಿ.

ಮನೆಯಲ್ಲಿ ಆರು ತಿಂಗಳಿಂದ ಮೂರು ವರ್ಷದೊಳಗಿನ ಮಗು ಇದ್ದರೆ ಅಂಗನವಾಡಿಯಿಂದ ಅಮೃತಂ ಪುಡಿ ತಪ್ಪದೆ ತನ್ನಿ. ಗೋಧಿ, ಕಡಲೆ, ಸೋಯಾ, ನೆಲಗಡಲೆ ಸೇರಿಸಿ ಕುಟುಂಬಶ್ರೀ ಮಹಿಳಾ ಸಂಘದ ಹೆಂಗಸರು ಮಾಡುವ ಪುಡಿ ಅದು. ಅದನ್ನು ಬಿಟ್ಟು ಅಂಗಡಿಯ ಡಬ್ಬಕ್ಕೆ ದುಡ್ಡು ಕೊಡಬೇಡಿ.

ರಾತ್ರಿ ಮಲಗುವ ಮೊದಲು

ಎರಡೇ ಕೆಲಸ. ಉಳಿದ ಅನ್ನಕ್ಕೆ ಮುಳುಗುವಷ್ಟು ನೀರು ಹಾಕಿ ಮುಚ್ಚಿಡಿ. ಬೆಳಗ್ಗೆ ಮಜ್ಜಿಗೆ, ಉಪ್ಪು, ನೀರುಳ್ಳಿ, ಒಂದು ಹಸಿಮೆಣಸು ಹಾಕಿದರೆ ತಂಗಳನ್ನ. ಬೇಸಿಗೆಯಲ್ಲಿ ಬೆಳಗ್ಗೆಯೇ ತಿಂದು ಮುಗಿಸಿ, ಹುಳಿ ವಾಸನೆ ಜೋರಿದ್ದರೆ ದನಕ್ಕೆ ಹಾಕಿ.

ಇನ್ನೊಂದು, ನಾಳೆಯ ಕಾಳು ನೆನೆಹಾಕುವುದು. ಇದು ಮರೆತರೆ ಮರುದಿನ ಮತ್ತೆ ನೀರು ಸಾರೇ ಆಗುತ್ತದೆ. ನಮ್ಮಲ್ಲಿ ಈ ಕೆಲಸ ಮಗಳದ್ದು. ಅವಳ ಹಿಮೋಗ್ಲೋಬಿನ್ ಈಗ 12.4. ಒಂಬತ್ತೂವರೆಗೆ ಪುಸ್ತಕ ಮುಚ್ಚಿ ಅಡುಗೆಮನೆಗೆ ಬಂದು ಕೇಳುತ್ತಾಳೆ, "ಅಮ್ಮಾ, ನಾಳೆಗೆ ಹುರುಳಿಯಾ ಕಡಲೆಯಾ?" ಆಮೇಲೆ ಕುಡ್ತೆ ತುಂಬಿಸಿ ಪಾತ್ರೆಗೆ ಹಾಕಿ, ನೀರು ಸುರಿದು ಹೋಗಿ ಮಲಗುತ್ತಾಳೆ.